ಹಜಾರಕ್ಕೆ ಬಂದ ರೈಲ್ವೆ ಸ್ಟೇಷನ್

ನಮ್ಮ ಶಿಕಾರಿಪುರಕ್ಕೆ ರೈಲಿಲ್ಲ. ಪಕ್ಕದ ಸೊರಬಕ್ಕೂ ಇಲ್ಲ. ರೈಲನ್ನು ಕಣ್ಣಾರೆ ಕಾಣಬೇಕೆನ್ನುವವರು ಮೋಟಾರು ಬಸ್ಸಿನಲ್ಲಿ ಕುಳಿತು, ಕೆಂಧೂಳಿನಿಂದ ಸರ್ವಾಂಗಕ್ಕೂ ಭಸ್ಮಧಾರಣೆ ಮಾಡಿಸಿಕೊಂಡು, ಶಿವಮೊಗ್ಗಕ್ಕೋ ಸಾಗರಕ್ಕೋ ಹೋಗಬೇಕು. ಹೀಗಿದ್ದರೂ ಒಂದು ನವರಾತ್ರಿಯಲ್ಲಿ, ನಮ್ಮ ಮನೆಯ ಹಜಾರದಲ್ಲಿ, ಪಟ್ಟದ ಗೊಂಬೆಗಳ ಪಾದದಡಿಯಲ್ಲಿ ಒಂದು ರೈಲ್ವೆ ಸ್ಟೇಷನ್ ತಲೆಯೆತ್ತಿತು. ಅದನ್ನು ಕಟ್ಟಿದವರಲ್ಲಿ ನಾನೂ ಒಬ್ಬ. ಸಂಸ್ಕೃತ ಪಾಠ ಹೇಳಿ ಮುದುಕನಾದವನಿಗೆ ಸ್ಟೇಷನ್ನಿನ ಗೊಡವೆ ಏಕೆಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಹೆಂಡತಿಯೂ ಅದನ್ನೇ ಕೇಳಿದ್ದಳು, ಧಾಟಿ ಮಾತ್ರ ಬೇರೆ.

ಕಾರಣ ನಮ್ಮ ಕೊನೆಯ ಮಗಳು ವಿಶಾಲಾಕ್ಷಿ. ಮಿಡ್ಲ್ ಸ್ಕೂಲು ಮುಗಿಸಿ, ಹಿಂದಿ ಪರೀಕ್ಷೆಗಳನ್ನೂ ಪಾಸು ಮಾಡಿ, ಮನೆಯಲ್ಲಿ ನನ್ನ ತಪ್ಪುಗಳನ್ನು ಎರಡು ಭಾಷೆಗಳಲ್ಲಿ ತಿದ್ದುತ್ತಿದ್ದಳು. ಅವಳಿಗೊಂದು ಸಂಬಂಧ ಕೂಡಿಬಂತು. ವರ ನರಹರಿ, ಕಾಡಿನ ನಡುವಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಮಾಸ್ಟರು. ಜಾತಕ ಕೂಡಿತು, ಗೋತ್ರದ ತೊಡಕಿರಲಿಲ್ಲ, ಗ್ರಹಗಳೆಲ್ಲ ತಮ್ಮತಮ್ಮೊಳಗೆ ಮಾತಾಡಿಕೊಂಡವರಂತೆ ಒಪ್ಪಿಗೆಯಿತ್ತವು. ಒಪ್ಪದೆ ಉಳಿದವಳು ಹುಡುಗಿಯೊಬ್ಬಳೇ.

"ಹುಡುಗನ್ನ ಆಮೇಲೆ ನೋಡಿದ್ರಾಯ್ತಪ್ಪ. ನಾನು ಇರೋ ಜಾಗ ಮೊದ್ಲು ತೋರ್ಸಿ. ಅಲ್ಲಿ ಏನಿದೆ, ಏನಿಲ್ಲ ಅಂತ ಗೊತ್ತಿಲ್ದೆ ಹೆಂಗೆ ಹೂಂ ಅನ್ಲಿ?" ಎಂದಳು.

ಮದುವೆಗೆ ಮುಂಚೆ ಹೆಣ್ಣು ಗಂಡಿನ ಊರಿಗೆ ಹೋಗಿ ಬರುವುದೆಂದರೆ ನಮ್ಮ ಬೀದಿ ಒಂದು ವರ್ಷಕ್ಕಾಗುವಷ್ಟು ಮಾತನ್ನು ಒಂದೇ ಮಧ್ಯಾಹ್ನದಲ್ಲಿ ಆಡಿ ಮುಗಿಸುತ್ತಿತ್ತು. ಪರಿಹಾರ ಹೊಳೆದದ್ದು ನನ್ನ ಹೆಂಡತಿಗೆ. ನವರಾತ್ರಿಯ ಗೊಂಬೆಗಳ ಕೆಳಗೆ ಅವಳು ವರ್ಷಕ್ಕೊಂದು ಹೊಸ ದೃಶ್ಯ ಹೂಡುವ ರೂಢಿಯಿಟ್ಟುಕೊಂಡಿದ್ದಳು. ಹಿಂದಿನ ವರ್ಷ ಹಿತ್ತಾಳೆಯ ಪರಾತದಲ್ಲಿ ನೀರು ತುಂಬಿ, ಹತ್ತಿಯ ಕೊಕ್ಕರೆಗಳನ್ನು ಸುತ್ತ ಕೂರಿಸಿ, ಗುಡವಿಯ ಕೆರೆಯನ್ನೇ ತಂದಿಟ್ಟಿದ್ದಳು. "ಅವಳು ಸ್ಟೇಷನ್ನಿಗೆ ಹೋಗೋ ಹಂಗಿಲ್ಲ, ಸರಿ. ಸ್ಟೇಷನ್ನೇ ಇಲ್ಲಿಗೆ ಬರ್ಲಿ" ಎಂದಳು. ಸರಸ್ವತಿ ಪೂಜೆಯ ದಿನ ಗಂಡಿನ ಕಡೆಯವರೂ ಬರುವವರಿದ್ದರು. ಅಷ್ಟರೊಳಗೆ ಮಗಳು ಜಾಗ ನೋಡಿ ಮನಸ್ಸು ಮಾಡಬೇಕು. ಹೀಗೆ, ಒಂದು ಹೆಣ್ಣಿನ ಬಾಳು ಎರಡು ಮೊಳದ ಹಲಗೆಯ ಮೇಲೆ ನಿಂತಿತು.

ಕಾಶಿಯಾತ್ರೆಗೆ ರೈಲಿನಲ್ಲಿ ಹೋಗಿಬಂದಿದ್ದ ನಾನು ನಮ್ಮ ಬೀದಿಗೆಲ್ಲ ಈ ವಿಷಯದಲ್ಲಿ ಪ್ರಮಾಣಪುರುಷ. ಪ್ಲಾಟ್‌ಫಾರಮ್ಮಿನ ಮೇಲೆ ಏನೇನಿರುತ್ತದೆಂದು ಹೇಳುವ ಹೊಣೆ ನನಗೇ ಬಂತು. ಕಣ್ಣು ಮುಚ್ಚಿ ಕುಳಿತು ಸ್ಮರಿಸಿದೆ. ಆಗ ಒಂದು ಸಂಗತಿ ತಿಳಿಯಿತು: ದಾರಿಯುದ್ದಕ್ಕೂ ಬಂದುಹೋದ ಅಷ್ಟೊಂದು ಸ್ಟೇಷನ್ನುಗಳಲ್ಲಿ ನಾನು ಕಂಡಿದ್ದುದು ನಲ್ಲಿಯನ್ನು ಮಾತ್ರ. ಗಾಡಿ ನಿಂತೊಡನೆ ತಂಬಿಗೆ ಹಿಡಿದು ಇಳಿಯುವುದು, ಮಡಿಗೆ ಭಂಗ ಬಾರದಂತೆ ಜನರ ನಡುವೆ ಅಡ್ಡಡ್ಡ ನಡೆಯುವುದು, ನಲ್ಲಿ ಸಿಕ್ಕೊಡನೆ ಸೀಟಿ ಕೂಗುವುದು, ಸಂಧ್ಯಾವಂದನೆಯ ನೀರನ್ನು ಚೆಲ್ಲುತ್ತ ಓಡುವುದು. ಇಷ್ಟೇ ನನ್ನ ಭಾರತದರ್ಶನ. ಆದ್ದರಿಂದ ಯಥಾರ್ಥತೆಗೆ ಚ್ಯುತಿಯಾಗದಂತೆ ನಮ್ಮ ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಸಾಲಾಗಿ ನಲ್ಲಿಗಳನ್ನು ನೆಡಿಸಿದೆ. ಹಳೆಯ ಛತ್ರಿಯೊಂದರ ಕಡ್ಡಿಗಳನ್ನು ಬಗ್ಗಿಸಿ ಮಾಡಿದ ನಲ್ಲಿಗಳು. ಅದನ್ನು ನೋಡಿದವರಿಗೆ, ಇಲ್ಲಿ ಜನ ರೈಲು ಹತ್ತುವುದಕ್ಕಿಂತ ಹೆಚ್ಚಾಗಿ ಆಚಮನಕ್ಕೆ ಬರುತ್ತಾರೆಂದು ತೋರುತ್ತಿತ್ತು.

ಉಳಿದದ್ದನ್ನು ಇದ್ದುದರಲ್ಲಿ ಹೊಂದಿಸಿದೆವು. ಹಲಗೆಯ ಮೇಲೆ ರಟ್ಟಿನ ಕಟ್ಟಡ ಎದ್ದಿತು, ಶಿರಾಳಕೊಪ್ಪದ ಸಂತೆಯಿಂದ ತಗಡಿನ ಇಂಜಿನ್ನೊಂದು ಬಂತು. ಆಗತಾನೆ ಚಲಾವಣೆಗೆ ಬಂದು ಫಳಫಳನೆ ಹೊಳೆಯುತ್ತಿದ್ದ ನಯಾಪೈಸೆಯ ಬಿಲ್ಲೆ ಗಡಿಯಾರವಾಯಿತು. ಮುಳ್ಳುಗಳಿಲ್ಲದ್ದರಿಂದ ಅದು ಎಂದೂ ತಪ್ಪು ಗಂಟೆ ತೋರಿಸಲಿಲ್ಲ. ನನ್ನ ಹೆಂಡತಿ ಪ್ರಯಾಣಿಕರೆಂದು ಗೊಂಬೆಪೆಟ್ಟಿಗೆಯ ಶೆಟ್ಟಿ ದಂಪತಿಗಳನ್ನು ಅವರ ಅಕ್ಕಿಬೇಳೆಯ ಅಂಗಡಿಯ ಸಮೇತ ಕೂರಿಸಿದಳು. ಕುಳಿತ ಶೆಟ್ಟಿಯ ಪೇಟ ಸ್ಟೇಷನ್ನಿನ ಸೂರಿಗಿಂತ ಗೇಣುದ್ದ ಮೇಲಿತ್ತು. ಆತ ಎದ್ದು ನಿಂತರೆ ಇಂಜಿನ್ನನ್ನು ಕಂಕುಳಲ್ಲಿಟ್ಟುಕೊಂಡು ಹೋಗಬಹುದಿತ್ತು. ಮಗಳ ಮನಸ್ಸು ಕರಗಲೆಂದು ದಾಸವಾಳದ ತೋಟ, ಅದರಲ್ಲಿ ನವಿಲು, ನವಿಲಿಗೊಂದು ಕೊಳ ಕೂಡ ಬಂದವು.

ಸ್ಟೇಷನ್ ಯಾವ ದಿಕ್ಕಿಗೆ ಮುಖ ಮಾಡಬೇಕೆಂಬ ಜಿಜ್ಞಾಸೆಯಲ್ಲಿ ನನಗೆರಡು ದಿನ ಹಿಡಿಯಿತು. ವಾಸ್ತುಶಾಸ್ತ್ರದಲ್ಲಿ ದೇವಾಲಯವುಂಟು, ದುರ್ಗವುಂಟು, ಗೋಶಾಲೆಯುಂಟು. ಬಂದವರೆಲ್ಲ ಹೊರಡಲೆಂದೇ ಬರುವ ಕಟ್ಟಡವೊಂದನ್ನು ನಮ್ಮ ಹಿರಿಯರು ಊಹಿಸಿದಂತಿಲ್ಲ. ಎಲ್ಲರೂ ಅತಿಥಿಗಳಾಗಿ, ಆತಿಥೇಯನೇ ಇಲ್ಲದ ಜಗಲಿಯೆಂದರೆ ಪ್ಲಾಟ್‌ಫಾರಮ್ಮು. ಇಂಥದಕ್ಕೆ ಪಾಂಥಶಾಲೆಯ ನಿಯಮವೇ ಸಲ್ಲಬೇಕೆಂದು ನಿರ್ಣಯಿಸಿ ಹೆಂಡತಿಗೆ ವಿವರಿಸಹೊರಟೆ. ಅವಳು ಅಷ್ಟರಲ್ಲಿ ಅದನ್ನು ಗೋಡೆಗೆ ತಗುಲಿಸಿ ಇಟ್ಟಾಗಿತ್ತು.

ಮುಖ್ಯವಾದ ವ್ಯಕ್ತಿಯೇ ಇನ್ನೂ ಬಂದಿರಲಿಲ್ಲ: ಸ್ಟೇಷನ್ ಮಾಸ್ಟರು. ಭಾವೀ ಅಳಿಯನ ಪ್ರತಿರೂಪ ಸಂತೆಯ ಗೊಂಬೆಯಾಗಬಾರದೆಂದು ಸೊರಬಕ್ಕೆ ಹೋಗಿ ಗುಡಿಗಾರ ಮಂಜಪ್ಪನನ್ನು ಕಂಡೆ. ಗಂಧದ ಮರದಲ್ಲಿ ದೇವರನ್ನು ಕೆತ್ತುವ ಮನೆತನ ಆತನದು. ಚಕ್ಕೆಯೊಂದನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿದ: "ಧ್ಯಾನಶ್ಲೋಕ ಹೇಳಿ ಸ್ವಾಮಿ."

"ಸ್ಟೇಷನ್ ಮಾಸ್ಟರಿಗೆ ಎಲ್ಲಿಯ ಧ್ಯಾನಶ್ಲೋಕವಯ್ಯಾ?"

"ಗಣಪತಿಗೆ ಉಂಟು, ಹನುಮಂತನಿಗೆ ಉಂಟು. ಎಷ್ಟು ಕೈ, ಏನು ಆಯುಧ, ನಿಂತದ್ದೋ ಕೂತದ್ದೋ, ಏನೂ ಗೊತ್ತಿಲ್ದೆ ಉಳಿ ಎಲ್ಲಿಂದ ಹಾಕದು?"

"ಮನುಷ್ಯ ಕಣಯ್ಯಾ. ಎರಡೇ ಕೈ."

"ಕೆಂಪು ಬಾವುಟ, ಹಸಿರು ಬಾವುಟ, ಲಾಟೀನು, ಸೀಟಿ ಅಂತ ಆಗಿಂದ ಹೇಳ್ತಾ ಇದ್ದೀರಿ. ಎರಡು ಕೈಲಿ ಆಗ್ತದಾ ಇದು? ನಾಕು ಮಾಡ್ಲಾ?"

ನಾಲ್ಕು ಕೈಗಳ ಪ್ರಸ್ತಾಪ ಒಂದು ಗಳಿಗೆ ನನ್ನನ್ನು ಸೆಳೆಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಸಾವರಿಸಿಕೊಂಡು, ಆತನ ಜಗಲಿಯ ಮೇಲೆಯೇ ಪದ್ಮಾಸನದಲ್ಲಿ ಕುಳಿತು ಅನುಷ್ಟುಪ್ಪೊಂದನ್ನು ಹೊಸೆದೆ:

ಶ್ವೇತಾಂಬರಧರಂ ಶಾಂತಂ ದ್ವಿಭುಜಂ ಧ್ವಜಧಾರಿಣಮ್ |
ಘಂಟಾಪಾರ್ಶ್ವೇ ಸ್ಥಿತಂ ವಂದೇ ಧೂಮಯಾನನಿಯಾಮಕಮ್ ||

ಬಿಳಿಯ ಉಡುಪಿನವನೂ, ಶಾಂತನೂ, ಎರಡೇ ಕೈಯವನೂ, ಬಾವುಟ ಹಿಡಿದು ಗಂಟೆಯ ಪಕ್ಕದಲ್ಲಿ ನಿಂತವನೂ ಆದ, ಹೊಗೆಬಂಡಿಯ ನಿಯಾಮಕನಿಗೆ ನಮಸ್ಕಾರ. ಮಂಜಪ್ಪ ಕೈಮುಗಿದು ಕೇಳಿಸಿಕೊಂಡ. ಶ್ಲೋಕಕ್ಕೆ ಆತ ಕಿಂಚಿತ್ತೂ ಅಪಚಾರ ಮಾಡಲಿಲ್ಲ. 'ಶಾಂತಂ' ಎಂದದ್ದಕ್ಕೆ ಕಣ್ಣುಗಳು ಅರೆಮುಚ್ಚಿದವು, ಕಿವಿಯ ಹಾಲೆಗಳು ಭುಜಕ್ಕೆ ಇಳಿದವು, ತುಟಿಯಂಚಿನಲ್ಲಿ ಲೋಕಾನುಗ್ರಹದ ನಗೆ ಮೂಡಿತು. ಟೋಪಿ ಹೇಗೋ ಕಿರೀಟದತ್ತ ವಾಲಿತು. ಬಾಸಿಂಗಕ್ಕೆ ಬಳಸುವ ಬೆಂಡಿನಲ್ಲಿ ಸ್ಟೇಷನ್ನಿನ ಬಾಗಿಲಿಗೊಂದು ಮಕರತೋರಣವನ್ನು ತಾನಾಗಿ ಕೊಟ್ಟ. ಇಂಥ ಮಹಾತ್ಮನನ್ನು ಬಿಟ್ಟು ಮುಂದಕ್ಕೆ ಹೋಗಲು ಯಾವ ರೈಲಿಗೂ ಮನಸ್ಸು ಬಾರದು.

ಎಲ್ಲ ಸಜ್ಜಾದ ಸಂಜೆ ಮಗಳನ್ನು ಕರೆದೆವು. ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು.

"ಹೆಂಗಿದೆಯೇ?" ಎಂದಳು ತಾಯಿ.

"ಇದು ಸ್ವರ್ಗ ಕಣಮ್ಮ. ಅಲ್ಲಿಗೆ ಹೋಗೋಕೆ ನಂಗಿನ್ನೂ ಟೈಮಿದೆ" ಎಂದು ಒಳಗೆ ಹೋದಳು.

ಅಂದು ನಮ್ಮಿಬ್ಬರಿಗೂ ಊಟ ಸೇರಲಿಲ್ಲ. ಇನ್ನಷ್ಟು ನವಿಲುಗಳು ಬೇಕಾಗಿತ್ತೆಂದು ನನ್ನ ಹೆಂಡತಿ. ನಲ್ಲಿ ಒಂದೆರಡು ಕಡಿಮೆಯಾಯಿತೇನೋ ಎಂದು ನಾನು.

ಸರಸ್ವತಿ ಪೂಜೆಯ ದಿನ ನರಹರಿ ತನ್ನ ತಾಯಿಯೊಡನೆ ಬಂದ. ತೆಳ್ಳಗಿನ, ಮಾತು ಕಡಿಮೆಯ ಹುಡುಗ. ಆಕೆ ನೇರವಾಗಿ ಗೊಂಬೆಗಳ ಮುಂದೆ ಹೋಗಿ, ಗಂಧದ ಮೂರ್ತಿಯ ಹಣೆಗೆ ಕುಂಕುಮವಿಟ್ಟು, ಕೆನ್ನೆ ಬಡಿದುಕೊಂಡು, "ಎಂಥ ಕಳೆ ಐತ್ರೀ! ಯಾವ ದೇವ್ರು?" ಎಂದರು.

ನನ್ನ ಹೆಂಡತಿ ಉತ್ಸಾಹದಲ್ಲಿ, "ನಿಮ್ಮ ಮಗನೇ ಕಣ್ರೀ!" ಎಂದುಬಿಟ್ಟಳು.

ಆಕೆ ಮೂರ್ತಿಯನ್ನು ನೋಡಿದರು, ಮಗನನ್ನು ನೋಡಿದರು, ಕುಂಕುಮ ಹತ್ತಿದ ಬೆರಳನ್ನು ಮೆಲ್ಲನೆ ಸೆರಗಿಗೆ ಒರೆಸಿಕೊಂಡರು. ನರಹರಿಯ ಕಿವಿಗಳು ಸಿಗ್ನಲ್ಲಿನ ದೀಪದಂತೆ ಕೆಂಪಾದವು.

"ಕಣ್ಣು ಮುಚ್ಚಿರೋದನ್ನ ಇನ್‌ಸ್ಪೆಕ್ಟರು ಕಂಡ್ರೆ ಕೆಲಸ ಹೋಗತ್ರೀ" ಎಂದ. ಅನಂತರ ಹಿಂಜರಿಯುತ್ತ, "ತಪ್ಪು ತಿಳೀಬಾರ್ದು, ಒಂಚೂರು ಸರಿ ಮಾಡ್ಲಾ?" ಎಂದು ಕೇಳಿ, ಷರಟಿನ ತೋಳು ಮಡಿಸಿ ನೆಲದ ಮೇಲೆ ಕುಳಿತೇಬಿಟ್ಟ.

ಆಮೇಲೆ ನಡೆದದ್ದನ್ನು ಪ್ರಳಯವೆನ್ನಬೇಕು. ಶೆಟ್ಟಿ ದಂಪತಿಗಳು ಅಂಗಡಿಯೊಂದಿಗೆ ಎತ್ತಂಗಡಿಯಾದರು. "ನಮ್ಮಲ್ಲಿ ಇಷ್ಟು ಜನ ಇಳಿಯೋಲ್ಲ. ದಿನಾ ಒಬ್ಬ ಇಳಿದ್ರೆ ಹೆಚ್ಚು." ತೋಟ ಹೋಯಿತು, ನವಿಲು ಹೋಯಿತು. "ಕೋತಿ ಇದಾವೆ, ಏನೂ ಬೆಳೆಯೋಕೆ ಬಿಡಲ್ಲ." ಮಕರತೋರಣವನ್ನು ಮಾತ್ರ ಎರಡು ಕೈಗಳಲ್ಲೂ ಹಿಡಿದು, ಕಣ್ಣಿಗೊತ್ತಿಕೊಂಡು ಕೆಳಗಿಟ್ಟ. ಗಂಧದ ಮೂರ್ತಿಗೂ ಇಂಜಿನ್ನಿಗೂ ಪಟ್ಟದ ಗೊಂಬೆಗಳ ಸಾಲಿಗೆ ಬಡ್ತಿಯಾಯಿತು. ನನ್ನ ನಲ್ಲಿಗಳನ್ನು ಒಂದೊಂದಾಗಿ ಕಿತ್ತು ಕೊನೆಯದೊಂದನ್ನು ಉಳಿಸಿದಾಗ ನಾನು ಪ್ರತಿಭಟಿಸುವವನಿದ್ದೆ. "ಇದ್ರಲ್ಲೂ ಬೇಸಿಗೇಲಿ ನೀರು ಬರಲ್ರೀ" ಎಂದ. ಕಾಶಿಯ ದಾರಿಯ ತಂಬಿಗೆಯನ್ನು ನೆನೆದು, ಕಿತ್ತ ನಲ್ಲಿಗಳನ್ನು ನಾನೇ ಆರಿಸಿ ಬದಿಗಿಟ್ಟೆ.

ಕೊನೆಗೆ ಹಲಗೆಯ ಮೇಲೆ ಉಳಿದದ್ದು ಸ್ಟೇಷನ್ನಿನ ಬೋಳು ಕಟ್ಟಡ, ಒಂದು ಬೆಂಚು, ಒಂದು ದೀಪ, ಗಂಟೆಯೆಂದು ತೂಗುಹಾಕಿದ ಕಬ್ಬಿಣದ ತುಂಡು, ಆ ಬಡ ನಲ್ಲಿ. ಮಿಕ್ಕದ್ದೆಲ್ಲ ಬರಿಯ ಬಯಲು. ನನ್ನ ಹೆಂಡತಿ ಕಂಬದ ಮರೆಯಿಂದ ಕೈಸನ್ನೆಗಳ ಮಳೆಗರೆಯುತ್ತಿದ್ದಳು. ಹುಡುಗ ಪ್ರಾಮಾಣಿಕನೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ ಇಷ್ಟು ಪ್ರಾಮಾಣಿಕತೆಯನ್ನು ತಾಳಿ ಕಟ್ಟಿದ ಮೇಲೆ ತೋರಿಸಿದ್ದರೂ ಸಾಕಿತ್ತು. ಸ್ವರ್ಗವನ್ನೇ ಬೇಡವೆಂದವಳು ಈ ಬಯಲನ್ನು ಕಂಡು ಏನೆನ್ನಬಹುದು?

ಉಪ್ಪಿಟ್ಟಿನ ತಟ್ಟೆ ಹಿಡಿದು ವಿಶಾಲು ಬಂದಳು. ತಟ್ಟೆಯನ್ನು ಅತ್ತೆಯಾಗಬಹುದಾದವರ ಮುಂದಿಟ್ಟು, ಯಾರೂ ಹೇಳದೆಯೇ ಹಲಗೆಯ ಆಚೆ ಬದಿಗೆ ಕುಳಿತಳು.

"ಇಷ್ಟೇನಾ?" ಎಂದಳು.

"ಇಷ್ಟೇ."

"ಮನೆ ಎಲ್ಲಿ?"

ಮನೆ! ನಲ್ಲಿಗೆ ನಾನಿದ್ದೆ, ನವಿಲಿಗೆ ಅವಳ ತಾಯಿಯಿದ್ದಳು, ತೋರಣಕ್ಕೆ ಮಂಜಪ್ಪನಿದ್ದ. ಮಗಳು ಬಾಳಬೇಕಾದ ಮನೆಯ ನೆನಪು ಯಾರಿಗೂ ಬಂದಿರಲಿಲ್ಲ. ನರಹರಿಯೂ ತಬ್ಬಿಬ್ಬಾಗಿ ಅತ್ತಿತ್ತ ನೋಡಿ, ಆರತಿಯ ತಟ್ಟೆಯ ಬಳಿಯಿದ್ದ ಬೆಂಕಿಪೊಟ್ಟಣವನ್ನು ತೆಗೆದು ಹಲಗೆಯ ತುದಿಯಲ್ಲಿಟ್ಟ. "ಕ್ವಾರ್ಟರ್ಸು. ಇಲ್ಲಿ ಬರತ್ತೆ. ಒಂದು ರೂಮು, ಒಂದು ಅಡಿಗೆಮನೆ."

ವಿಶಾಲು ಅದನ್ನು ದಿಟ್ಟಿಸಿದಳು. ಮೆಲ್ಲನೆ ಬೆರಳು ಚಾಚಿ, ಪೊಟ್ಟಣವನ್ನು ಪ್ಲಾಟ್‌ಫಾರಮ್ಮಿನ ಕಡೆಗೆ ತಿರುಗಿಸಿದಳು. "ಅಡಿಗೆಮನೆ ಕಿಟಕಿ ಈ ಕಡೆ ಇರ್ಬೇಕು."

"ಹೊಗೆ ನುಗ್ಗತ್ತೆ."

"ನುಗ್ಗಲಿ. ರೈಲು ಬಂತು ಅಂತ ಗೊತ್ತಾಗತ್ತೆ, ಅನ್ನಕ್ಕೆ ಇಡಬಹುದು."

ಅವನು ಸ್ವಲ್ಪ ಯೋಚಿಸಿ, "ರೈಲು ಲೇಟಾಗಿ ಬರತ್ತೆ" ಎಂದ.

"ಹಂಗಾದ್ರೆ ಅನ್ನವೂ ಲೇಟು."

ಹೆಣ್ಣು ನೋಡುವ ಶಾಸ್ತ್ರವೆಂದು ಅದಕ್ಕೆ ಹೆಸರು. ಅಂದು ಅವನೂ ಹೆಣ್ಣನ್ನು ನೋಡಲಿಲ್ಲ, ಅವಳೂ ಗಂಡನ್ನು ನೋಡಲಿಲ್ಲ. ಎರಡು ತಲೆಗಳೂ ಹಲಗೆಯ ಮೇಲೆ ಬಾಗಿ, ಕಿಟಕಿ ಎಷ್ಟು ಅಗಲವಿರಬೇಕೆಂಬ ವಾಗ್ವಾದದಲ್ಲಿ ಮುಳುಗಿದ್ದವು. ಹುಡುಗಿಗೆ ಹಾಡಲು ಬರುವುದೇ ಎಂದು ನರಹರಿಯ ತಾಯಿ ಕೇಳಿದ್ದು ಇಬ್ಬರಿಗೂ ಕೇಳಿಸಲಿಲ್ಲ.

ಆರತಿಯ ಹೊತ್ತಾಯಿತು. ಬತ್ತಿ ಹೊಸೆದು ತುಪ್ಪ ಹಾಕಿ, ನನ್ನ ಹೆಂಡತಿ ರೂಢಿಯಂತೆ ಬೆಂಕಿಪೊಟ್ಟಣಕ್ಕೆ ಕೈ ಚಾಚಿದಳು. ನಾನು ಅವಳ ಕೈ ಹಿಡಿದೆ.

"ಅದು ಬೇಡ ಕಣೇ. ಅಲ್ಲೀಗ ಜನ ಇದ್ದಾರೆ" ಎಂದು ಹೇಳಿ, ಬೆಂಕಿ ಕೇಳಿ ತರಲು ಪಕ್ಕದ ಮನೆಗೆ ಹೊರಟೆ.