ಗೇಟಿನಾಚೆಯ ಸೈಕಲ್ಲು

ಸೈಕಲ್ ಅಂಗಡಿಯಲ್ಲಿ ನಡೆದ ವಾದದಲ್ಲಿ ಗೆದ್ದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದ ಮೇಲೆ ಯಾರೂ ಒಪ್ಪುವುದಿಲ್ಲ.

ಕಾಲೇಜಿನ ಮೂರು ವರ್ಷವೂ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು ನಾನು. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ಬೆಳಿಗ್ಗೆ ಮೊಬೈಲು ವರವೆಂದು ಸಾಧಿಸಿ, ಮಧ್ಯಾಹ್ನ ಅದೇ ಮೊಬೈಲು ಶಾಪವೆಂದು ಸಾಧಿಸಿ, ಎರಡಕ್ಕೂ ಸ್ಟೀಲ್ ಲೋಟ ಗೆದ್ದು ತಂದಿದ್ದೇನೆ. ಹಗರೆಯ ನಮ್ಮ ಮನೆಗೆ ಎಷ್ಟು ಜನ ನೆಂಟರು ಬಂದರೂ ಅಮ್ಮ ಪಕ್ಕದ ಮನೆಯಲ್ಲಿ ಲೋಟ ಕೇಳಬೇಕಿಲ್ಲ. ಅರಸೀಕೆರೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಕೆಲಸ ಸಿಕ್ಕಾಗ ಅಪ್ಪ, "ಅಷ್ಟು ದೂರ ಯಾಕೆ, ಇಲ್ಲೇ ಬೇಲೂರಲ್ಲಿ ಎಲ್ಲಾದ್ರೂ ನೋಡಿದ್ರಾಯ್ತು" ಅಂದರು. ನಾನು ನಾಲ್ಕು ಅಂಶಗಳಲ್ಲಿ ಉತ್ತರ ಕೊಡಲು ನಿಂತೆ. ಮೂರನೆಯ ಅಂಶಕ್ಕೇ ಅವರು ಕ್ಯಾನು ಎತ್ತಿಕೊಂಡು ಡೇರಿಗೆ ಹಾಲು ಹಾಕಲು ಹೊರಟುಬಿಟ್ಟರು. ಎದುರಾಳಿ ವೇದಿಕೆ ಬಿಟ್ಟು ಹೋದರೆ ಗೆಲುವು ನಮ್ಮದು, ನಿಯಮವೇ ಹಾಗಿದೆ.

ಹಾಗೆ ಗೆದ್ದು ಅರಸೀಕೆರೆಗೆ ಬಂದು, ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆಯ ಮನೆಯಲ್ಲಿ ಬಿಡಾರ ಹೂಡಿದೆ.

ಸ್ಕೂಲಿನಲ್ಲಿ ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ. ಮಕ್ಕಳದ್ದಲ್ಲ, ನನ್ನದು. ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ಬಂದರೆ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಹೆಡ್ ಮೇಡಂ ಕೆಂಪು ಪೆನ್ನಿನಲ್ಲಿ ಒಂದು ಗೀಟು ಎಳೆಯುತ್ತಾರೆ. ಮೂರು ತಿಂಗಳಲ್ಲಿ ಮೂರು ಗೀಟು ಬಿದ್ದರೆ ಕೆಲಸ ಖಾಯಂ ಇಲ್ಲ. ಖಾಯಂ ಆಗದಿದ್ದರೆ ವಾಪಸ್ ಹಗರೆ. ಅಪ್ಪ ಏನೂ ಅನ್ನುವುದಿಲ್ಲ ಅಂತ ನನಗೆ ಗೊತ್ತಿತ್ತು. ನನ್ನ ಭಯ ಅದೇ. ಏನೂ ಅನ್ನದವರ ಎದುರು ವಾದ ಮಾಡುವುದು ಹೇಗೆ?

ಮನೆಯಿಂದ ಸ್ಕೂಲಿಗೆ ಹತ್ತಿರಹತ್ತಿರ ಮೂರು ಕಿಲೋಮೀಟರು. ಮೊದಲ ತಿಂಗಳು ನಡೆದೇ ಹೋದೆ. ಮನೆ ಬಿಟ್ಟು ಐದಾರು ನಿಮಿಷಕ್ಕೆ ರೈಲ್ವೆ ಗೇಟು, ಅದರ ಪಕ್ಕದಲ್ಲೇ ಕಾಲುದಾರಿಯ ಮೇಲ್ಸೇತುವೆ. ಮೆಟ್ಟಿಲು ಹತ್ತಿ, ಹಳಿ ದಾಟಿ, ಮೆಟ್ಟಿಲು ಇಳಿದರೆ ಆಮೇಲೆ ನೇರ ರಸ್ತೆ. ಒಂದು ದಿನ ದಾರಿಯಲ್ಲಿ ಚಪ್ಪಲಿಯ ಬಾರು ಕಿತ್ತುಹೋಯಿತು. ಕುಂಟಿಕೊಂಡು ಹೋಗಿ ಸೇರುವಷ್ಟರಲ್ಲಿ ಗಂಟೆ ಹೊಡೆದಿತ್ತು. ಮೊದಲ ಗೀಟು.

ಶೇರ್ ಆಟೋ ನೋಡಿದೆ. ಎಂಟು ಜನ ತುಂಬದೆ ಅದು ಹೊರಡುವುದಿಲ್ಲ. ಎಂಟನೆಯವರು ಯಾವಾಗಲೂ ಟೀ ಕುಡಿಯುತ್ತಿರುತ್ತಾರೆ. ಹಾಗಾಗಿ ಸೈಕಲ್ಲು ಅಂತ ತೀರ್ಮಾನ ಮಾಡಿದೆ.

"ಸ್ಕೂಟರ್ ತಗೊಳ್ಳೇ" ಅಂದರು ಅತ್ತೆ. "ಸೀರೆ ಉಟ್ಕೊಂಡು ಸೈಕಲ್ ತುಳಿಯೋ ಮೇಡಂನ ಈ ಬೀದಿ ನೋಡೇ ಇಲ್ಲ ಕಣೇ."

"ನೋಡ್ಲಿ ಬಿಡಿ ಅತ್ತೆ."

"ನೋಡ್ತಾರೆ. ನೀನು ಬೀಳೋದನ್ನೂ ನೋಡ್ತಾರೆ."

ಒಂದು ಭಾನುವಾರ ಕೂತು ಬರೆದೆ. ಗೇರು ಬೇಡ, ಯಾಕೆಂದರೆ ದಾರಿಯಲ್ಲಿ ಏರು ಅನ್ನುವಂಥದ್ದು ಸ್ಪೀಡ್ ಬ್ರೇಕರ್ ಒಂದೇ. ಡಿಸ್ಕ್ ಬ್ರೇಕು ಬೇಡ, ನನ್ನ ವೇಗಕ್ಕೆ ಮಾಮೂಲಿ ಬ್ರೇಕೇ ಹೆಚ್ಚು. ದಪ್ಪ ಟೈರು ನೋಡಲಿಕ್ಕೆ ಚೆಂದ, ತುಳಿಯುವ ಕಾಲಿಗೆ ದಂಡ. ಸ್ಕೂಲಿನಲ್ಲಿ ಮೇಡಂಗಳಿಗೆ ಸೀರೆ ಕಡ್ಡಾಯ, ಹಾಗಾಗಿ ಅಡ್ಡ ಕಂಬಿಯ ಸೈಕಲ್ಲು ಆಗುವುದಿಲ್ಲ. ಸೆರಗು, ನೆರಿಗೆ ಎರಡನ್ನೂ ಕಾಪಾಡುವಂತೆ ಚೈನಿಗೆ ಪೂರ್ತಿ ಕವರ್ ಬೇಕು. ಮಳೆಗೆ ಮಡ್‌ಗಾರ್ಡು, ಪುಸ್ತಕಕ್ಕೆ ಮುಂದೊಂದು ಬುಟ್ಟಿ. ಹಳೆಯದು ಬೇಡವೇ ಬೇಡ. ಹಳೆಯ ಸೈಕಲ್ಲಿನ ಚರಿತ್ರೆ ಮಾರುವವನಿಗೆ ಮಾತ್ರ ಗೊತ್ತಿರುತ್ತದೆ, ಮತ್ತು ಚರಿತ್ರೆ ಯಾರ ಬಾಯಲ್ಲಿದೆಯೋ ಅವರಿಗೆ ತಕ್ಕ ಹಾಗೆ ಬದಲಾಗುತ್ತದೆ ಅಂತ ಪಾಠ ಹೇಳುವವಳೇ ನಾನು. ಈಗಲೂ ಆ ಪಟ್ಟಿಯಲ್ಲಿ ಒಂದು ತಪ್ಪು ತೋರಿಸಿ ನೋಡೋಣ.

ಪೇಟೆಯ ಸೈಕಲ್ ಅಂಗಡಿಯ ಯಜಮಾನರಿಗೆ ಅರವತ್ತು ದಾಟಿತ್ತು. ಕೈಯೆಲ್ಲ ಗ್ರೀಸು, ಹಣೆಯಲ್ಲಿ ಮಾತ್ರ ಬೆಳ್ಳಗೆ ಮೂರು ಗೆರೆ ವಿಭೂತಿ. ನಾನು ಪಟ್ಟಿ ಪೂರ್ತಿ ಓದುವವರೆಗೂ ಕೇಳಿಸಿಕೊಂಡರು.

"ಎಲ್ಲಾ ಸರಿಯಾಗೈತೆ ಮೇಡಂ. ಸ್ಕೂಲು ಗೇಟಿನಾಚೆ ಅಲ್ವಾ?"

"ಹೌದು."

"ಹಂಗಾದ್ರೆ ಒಂದು ಸಾಲ್ದು. ಎರಡು ತಗೊಳ್ಳಿ. ಹಳೇವು ಎರಡು ಅವೆ, ಲೇಡೀಸೇ. ಹೊಸದು ಒಂದರ ರೇಟಿಗೆ ಎರಡೂ ಬತ್ತವೆ."

ಒಂದು ಕೊಳ್ಳಲು ಬಂದವಳಿಗೆ ಎರಡು! ನನಗೆ ಮೈಯೆಲ್ಲ ಉತ್ಸಾಹ ಬಂತು. ಮನುಷ್ಯನಿಗೆ ಎರಡು ಕಾಲಿರುವುದು ಒಂದು ಸೈಕಲ್ ತುಳಿಯಲಿಕ್ಕೆ, ಒಂದೊಂದು ಕಾಲಿಗೆ ಒಂದೊಂದು ಸೈಕಲ್ ಅಲ್ಲ ಅಂದೆ. ಒಂದು ಕೊಂಡರೆ ಒಂದು ಉಚಿತ ಅನ್ನುವ ಆಸೆ ತೋರಿಸಿ ಬೇಡದ್ದನ್ನು ತಲೆಗೆ ಕಟ್ಟುವುದು ವ್ಯಾಪಾರದ ಹಳೆಯ ತಂತ್ರ ಅಂದೆ. ಪಂಕ್ಚರ್ ಹಾಕಿಸಿಕೊಳ್ಳಲು ಬಂದಿದ್ದ ಇಬ್ಬರು ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಸಭಿಕರು ಸಿಕ್ಕಮೇಲೆ ನಾನು ನಿಲ್ಲಿಸುವವಳಲ್ಲ.

ಯಜಮಾನರು ಒಂದೆರಡು ಸಲ "ಅಲ್ಲ ಮೇಡಂ, ಗೇಟು..." ಅಂದರು. ನಾನು ಕೈ ಎತ್ತಿ ತಡೆದೆ. ಕೊನೆಗೆ ಅವರು ಗ್ರೀಸಿನ ಬಟ್ಟೆಯಲ್ಲಿ ಕೈ ಒರೆಸಿಕೊಂಡು, "ಆಯ್ತು, ನೀವು ಓದಿದೋರು" ಅಂದು ಹೊಸದೊಂದನ್ನು ಹೊರಗೆ ತಂದು ನಿಲ್ಲಿಸಿದರು. ನೀಲಿ ಬಣ್ಣ, ಬಗ್ಗಿದ ಫ್ರೇಮು, ಬಿಳಿ ಬುಟ್ಟಿ. ಆ "ಓದಿದೋರು" ಅನ್ನುವುದನ್ನು ನಾನು ಸೋಲೊಪ್ಪಿಗೆ ಅಂದುಕೊಂಡೆ.

ಮೊದಲ ದಿನ ಗೇಟು ತೆರೆದಿತ್ತು. ಹತ್ತೇ ನಿಮಿಷಕ್ಕೆ ಸ್ಕೂಲು. ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಮೊದಲು ಕೂತು ಬಾಗಿಲ ಕಡೆ ನೋಡುತ್ತಿದ್ದೆ, ಯಾರಾದರೂ ಕೇಳಲಿ ಅಂತ.

ಎರಡನೆಯ ದಿನ, ಮನೆಯಿಂದ ಹೊರಟ ಒಂದೇ ನಿಮಿಷಕ್ಕೆ, ಗೇಟಿನ ಗಂಟೆ ಕೇಳಿಸಿತು. ಚರ್ಚಾಸ್ಪರ್ಧೆಯಲ್ಲಿ ಮೊದಲ ಗಂಟೆ ಅಂದರೆ ಇನ್ನೊಂದು ನಿಮಿಷ ಉಳಿದಿದೆ ಅಂತ. ಇಲ್ಲಿ ಮೊದಲ ಗಂಟೆಯೇ ಕೊನೆಯ ಗಂಟೆ. ನಾನು ಮುಟ್ಟುವಷ್ಟರಲ್ಲಿ ಗೇಟು ಬಿದ್ದಿತ್ತು. ಒಂದು ಗೂಡ್ಸ್ ಗಾಡಿ ನಿಧಾನವಾಗಿ ಬಂತು. ಡಬ್ಬಿ ಎಣಿಸಲು ಶುರುಮಾಡಿ ನಲವತ್ತರ ಆಚೆ ಬಿಟ್ಟೆ. ಅದು ಹೋದಮೇಲೆ ಗೇಟು ಏಳಲಿಲ್ಲ. ಎದುರು ದಿಕ್ಕಿನಿಂದ ಇನ್ನೊಂದು ಬರಬೇಕಿತ್ತು.

ಆಗ ಹೊಳೆಯಿತು. ಇಡೀ ತಿಂಗಳು ನಡೆದು ಹೋದವಳು ನಾನು. ಗೇಟು ಬಿದ್ದಿದೆಯೋ ಎದ್ದಿದೆಯೋ ಒಂದು ದಿನವೂ ನೋಡಿರಲಿಲ್ಲ. ಕಾಲಿರುವವರಿಗೆ ಮೆಟ್ಟಿಲಿತ್ತು. ಚಕ್ರ ಬಂದಮೇಲೆ ನಾನೂ ಲಾರಿಗಳ ಸಾಲಿಗೆ ಸೇರಿಬಿಟ್ಟಿದ್ದೆ. ಕಾಸು ಕೊಟ್ಟು.

ಎರಡನೆಯ ಗೀಟು ಬಿತ್ತು. ಹೆಡ್ ಮೇಡಂ ಎದುರು ನಿಂತು ವಾದಿಸಿದೆ. "ಮೇಡಂ, ಗೇಟು ಬಿದ್ದಿದ್ದು ನನ್ನ ತಪ್ಪಲ್ಲ. ನನ್ನ ಕೈಯಲ್ಲಿಲ್ಲದ ಕಾರಣಕ್ಕೆ ನನಗೆ ಶಿಕ್ಷೆ ಕೊಡೋದು ನ್ಯಾಯವಾ?"

ಅವರು ಪೆನ್ನಿನ ಮುಚ್ಚಳ ಹಾಕುತ್ತ, "ಗೇಟು ಎಲ್ಲರಿಗೂ ಬೀಳುತ್ತಮ್ಮಾ. ನಿಮ್ಮ ಕಡೆಯಿಂದಲೇ ಇನ್ನೂ ನಾಲ್ಕು ಜನ ಬರ್ತಾರೆ. ಅವರ ಹೆಸರಿನ ಮುಂದೆ ಒಂದಾದ್ರೂ ಗೀಟು ಇದೆಯಾ, ನೀವೇ ನೋಡಿ" ಅಂದು ಪುಸ್ತಕ ನನ್ನ ಕಡೆ ತಿರುಗಿಸಿದರು. ಇರಲಿಲ್ಲ. ಅವರು ಹೇಗೆ ಬರುತ್ತಾರೆ ಅಂತ ಕೇಳಬಹುದಿತ್ತು. ಚರ್ಚೆಯಲ್ಲಿ ನಾವು ಪ್ರಶ್ನೆ ಕೇಳುವುದು ಎದುರಿನವರ ಬಾಯಿ ಮುಚ್ಚಿಸಲಿಕ್ಕೆ. ಉತ್ತರ ಬೇಕಾಗಿ ಪ್ರಶ್ನೆ ಕೇಳುವ ಅಭ್ಯಾಸ ನನಗಿರಲಿಲ್ಲ.

ಮನೆಯಲ್ಲಿ ಅತ್ತೆ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. "ನಿಮ್ಮ ಹಗರೇಲಿ ದಾರಿಗೆ ಅಡ್ಡ ಬರೋದು ಎಮ್ಮೆ. ಹಚಾ ಅಂದ್ರೆ ಹೋಗುತ್ತೆ. ನಮ್ಮೂರಲ್ಲಿ ಅಡ್ಡ ಬರೋದು ಗೂಡ್ಸು. ಅದಕ್ಕೂ ನಾಲ್ಕು ಪಾಯಿಂಟ್ ಹೇಳಿ ನೋಡು!"

ನಾಲ್ಕನೆಯ ದಿನ ಬೇಗ ಹೊರಟೆ. ಆದರೂ ಗೇಟು ಬಿದ್ದಿತ್ತು. ಇನ್ನೊಂದು ಗೀಟಿಗೆ ಜಾಗವಿರಲಿಲ್ಲ. ಸೈಕಲ್ಲನ್ನು ಮೆಟ್ಟಿಲ ಬುಡಕ್ಕೆ ತಂದು ಎರಡೂ ಕೈಯಲ್ಲಿ ಎತ್ತಿದೆ. ಅಡ್ಡ ಕಂಬಿಯಿದ್ದರೆ ಹೆಗಲಿಗೆ ತೂಗುಹಾಕಬಹುದಿತ್ತು. ಬಗ್ಗಿದ ಫ್ರೇಮಿನಲ್ಲಿ ಹಿಡಿಯಲು ಒಂದು ಜಾಗವಿಲ್ಲ. ಚೈನ್ ಕವರು ಮಂಡಿಗೆ ಬಡಿಯಿತು, ಹ್ಯಾಂಡಲ್ಲು ತಿರುಗಿ ಬುಟ್ಟಿ ಮುಖಕ್ಕೆ ಬಂತು. ಆರು ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಪಟ್ಟಿಯ ಒಂದೊಂದು ಸದ್ಗುಣವೂ ನನಗೆ ಒಂದೊಂದು ಕಡೆ ಗಾಯ ಮಾಡಿತ್ತು.

ತಲೆಯ ಮೇಲೆ ತೆಂಗಿನಕಾಯಿ ಮೂಟೆ ಹೊತ್ತು ಇಳಿಯುತ್ತಿದ್ದವನೊಬ್ಬ ನಿಂತು, "ಯಾಕ್ ಮೇಡಂ, ಅದುಕ್ಕೆ ಕಾಲು ನೋವಾ?" ಅಂದ.

ಹಿಂದಿನಿಂದ ಯಾರೋ ಸೈಕಲ್ಲಿನ ಕ್ಯಾರಿಯರ್ ಹಿಡಿದರು. ನಮ್ಮ ಸ್ಕೂಲಿನ ಗಣಿತದ ಮೇಷ್ಟ್ರು. ನಿವೃತ್ತಿಗೆ ಹತ್ತಿರವಾದವರು, ಮಾತು ಕಡಿಮೆ. "ಇಳಿಸಮ್ಮಾ ಕೆಳಗೆ" ಅಂದರು. ಕೆಳಗೆ ಹೊಂಗೆ ಮರದ ನೆರಳಲ್ಲಿ ಹತ್ತಿಪ್ಪತ್ತು ಸೈಕಲ್ಲುಗಳ ಸಾಲು. ಇಷ್ಟು ದಿನ ಅದು ರೈಲಿಗೆ ಹೋದವರದ್ದು ಅಂದುಕೊಂಡಿದ್ದೆ. ಮೇಷ್ಟ್ರ ಕರಿ ಸೈಕಲ್ಲೂ ಅಲ್ಲೇ ನಿಂತಿತ್ತು. "ಬೀಗ ಹಾಕಿ ಇಲ್ಲೇ ಬಿಡು."

ಬಿಟ್ಟೆ. ಮೆಟ್ಟಿಲು ಹತ್ತಿ ಇಳಿದೆವು. ಆ ಕಡೆಯ ಟೀ ಅಂಗಡಿಯ ಹಿಂದೆ ತಗಡಿನ ಚಪ್ಪರ, ಅದರಡಿಯಲ್ಲಿ ಇನ್ನೊಂದು ಸಾಲು. ಮೇಷ್ಟ್ರು ಅಲ್ಲಿಂದ ಇನ್ನೊಂದು ಕರಿ ಸೈಕಲ್ ಹೊರಗೆಳೆದರು. ಈಚೆಯದರ ತದ್ರೂಪ, ತುಕ್ಕು ಮಾತ್ರ ಸ್ವಲ್ಪ ಹೆಚ್ಚು.

"ಆಚೆಗೊಂದು, ಈಚೆಗೊಂದು" ಅಂದರು. "ದಿನಾ ಸಂಜೆ ಇವನ ಹತ್ರ ಒಂದು ಟೀ ಕುಡಿದ್ರೆ ಆಯ್ತು, ನೋಡ್ಕೊಳ್ತಾನೆ. ಈ ಊರಲ್ಲಿ ಎಲ್ಲಾರೂ ಹಿಂಗೇ. ನಿಂಗೆ ಯಾರೂ ಹೇಳ್ಲಿಲ್ವಾ?"

ಹೇಳಿದ್ದರು. ಕೈ ಎತ್ತಿ ತಡೆದಿದ್ದೆ.

ಗಂಟೆಗೆ ಹನ್ನೆರಡು ನಿಮಿಷ ಬಾಕಿ. ಮೇಷ್ಟ್ರು ಹಿಂದೆ ತಿರುಗಿ ಕ್ಯಾರಿಯರ್ ತಟ್ಟಿದರು. ಸ್ವಾವಲಂಬನೆಯ ಪರವಾಗಿ ಎರಡು ಲೋಟ ಗೆದ್ದವಳು ಸೆರಗು ಸುತ್ತಿಕೊಂಡು ಒಂದೇ ಕಡೆ ಕಾಲು ಇಳಿಬಿಟ್ಟು ಕೂತೆ. ಸ್ಕೂಲಿನ ಮೈದಾನದಲ್ಲಿ ಮಕ್ಕಳು ಪ್ರಾರ್ಥನೆಗೆ ಸಾಲು ನಿಲ್ಲುತ್ತಿದ್ದರು. ನಾನೇ ತಯಾರು ಮಾಡುತ್ತಿದ್ದ ಚರ್ಚಾಸ್ಪರ್ಧೆಯ ತಂಡ ಮುಂದಿನ ಸಾಲಿನಲ್ಲೇ ಇತ್ತು. ಒಬ್ಬಳು ಇನ್ನೊಬ್ಬಳ ಪಕ್ಕೆ ತಿವಿದಳು. ನಾನು ಇಳಿದು ನಿಂತ ಮೇಲೆ ಗಂಟೆ ಹೊಡೆಯಿತು. ಹೆಡ್ ಮೇಡಂ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರೋ ಇಲ್ಲವೋ ನೋಡುವ ಧೈರ್ಯವಿರಲಿಲ್ಲ.

ಸಂಜೆ ಸೈಕಲ್ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಸೋಲೊಪ್ಪಿಕೊಳ್ಳುವ ಭಾಷಣ ಕಟ್ಟುತ್ತಿದ್ದೆ. ಅಂಥ ಭಾಷಣ ಯಾವತ್ತೂ ಮಾಡಿದವಳಲ್ಲವಾದ್ದರಿಂದ ಅದೂ ನಾಲ್ಕು ಅಂಶಗಳಲ್ಲೇ ಬರುತ್ತಿತ್ತು. ಅಂಗಡಿಯಲ್ಲಿ ಯಜಮಾನರು ಒಬ್ಬರೇ ಇದ್ದರು. ಭಾಷಣ ಮರೆತುಹೋಯಿತು.

"ನೀವು ಹೇಳಿದ್ದು ಸರಿ. ಎರಡು ಬೇಕಿತ್ತು. ಆಚೆ ಕಡೆಗೆ ಒಂದು ಹಳೇದು ಕೊಡಿ."

ಅವರು ಚಕ್ರದ ಕಡ್ಡಿ ಬಿಗಿಮಾಡುತ್ತಲೇ ಕೇಳಿದರು, "ಮನೆ ಎಲ್ಲಿ ಮೇಡಂ?"

ಹೇಳಿದೆ.

"ಗೇಟಿಗೆ ಐದು ನಿಮಿಷದ ದಾರಿ. ಅದಕ್ಕ್ಯಾಕೆ ಇನ್ನೊಂದು ಸೈಕಲ್? ನಡ್ಕೊಂಡೋಗಿ ಮೆಟ್ಲು ಹತ್ತಿ. ಹೊಸದನ್ನ ಆಚೆ ಇಡಿ. ಅಷ್ಟೇಯ."

"ಹಾಗಾದ್ರೆ ಅವತ್ತು ಎರಡು ಬೇಕೇ ಬೇಕು ಅಂದ್ರಲ್ಲ?"

"ಅವತ್ತು ಅಂಗಡೀಲಿ ಹಳೇವು ಎರಡು ಇದ್ವು."

"ಈಗ?"

"ನೆನ್ನೆ ಹೋದ್ವು."

ಅಂದರೆ ನನ್ನ ಅನುಮಾನ ನಿಜವಾಗಿತ್ತು. ಅವರು ಮಾಡಿದ್ದು ಅಪ್ಪಟ ವ್ಯಾಪಾರ. ನನಗೆ ಒಂದೇ ಸೈಕಲ್ ಸಾಕಿತ್ತು, ಅದೂ ನಾನು ಆರಿಸಿದ್ದೇ. ಮೊದಲೇ ಹೇಳಿದೆನಲ್ಲ, ಗೆದ್ದವಳು ನಾನೇ ಅಂತ. ಒಂದೇ ಒಂದು ಸಂಗತಿ ಗೊತ್ತಿರಲಿಲ್ಲ, ಆ ಸೈಕಲ್ಲನ್ನು ನಿಲ್ಲಿಸಬೇಕಾದದ್ದು ಎಲ್ಲಿ ಅಂತ. ಅದನ್ನು ಹೇಳಲು ಅವರು ಎರಡು ಸಲ ಬಾಯಿ ತೆರೆದಿದ್ದರು. ಅಥವಾ ಎರಡನೆಯ ಸೈಕಲ್ ಮಾರಲು ತೆರೆದಿದ್ದರು. ಯಾವುದು ಅಂತ ಕೇಳಿದೆ, ಈ ಸಲ ನಿಜವಾಗಿಯೂ ಉತ್ತರ ಬೇಕಾಗಿ.

"ಮರ್ತೋಯ್ತು ಮೇಡಂ" ಅಂದರು ಅವರು. "ನೀವು ಮಾತಾಡ್ತಾ ಇದ್ರಲ್ಲ."

ಅವತ್ತೇ ಗೇಟು ಎದ್ದಿದ್ದಾಗ ನೀಲಿ ಸೈಕಲ್ಲನ್ನು ದಾಟಿಸಿ ಚಪ್ಪರದಡಿ ಮೇಷ್ಟ್ರ ಕರಿ ಸೈಕಲ್ಲಿನ ಪಕ್ಕ ನಿಲ್ಲಿಸಿ, ಒಂದು ಟೀ ಕುಡಿದು ಬಂದೆ. ಮೂರು ತಿಂಗಳು ಮುಗಿಯುವವರೆಗೂ ಮೂರನೆಯ ಗೀಟು ಬೀಳಲಿಲ್ಲ. ಖಾಯಂ ಆದ ಸುದ್ದಿ ಹೇಳಲು ಮನೆಗೆ ಫೋನ್ ಮಾಡಿದಾಗ ಅಪ್ಪ "ಒಳ್ಳೇದಾಯ್ತು" ಅಂದು, "ಸೈಕಲ್ಲು ಹೆಂಗೈತೆ?" ಅಂದರು. ಚೆನ್ನಾಗಿದೆ ಅಂದೆ. ಅಂಶಗಳಾಗಿ ಒಡೆಯಲು ಹೋಗಲಿಲ್ಲ.

ತೊಂದರೆ ಈಗ ಅತ್ತೆಯ ಬೀದಿಯಲ್ಲಿ. ನಾಲ್ಕೇ ದಿನ ಕಂಡ ಸೈಕಲ್ಲು ಆಮೇಲೆ ಕಾಣದಿರುವುದರಿಂದ, ಅಲ್ಲಿ ಯಾರೂ ನನ್ನ ಹತ್ತಿರ ಸೈಕಲ್ ಇದೆ ಅಂತ ನಂಬುವುದಿಲ್ಲ. ಬೆಳಿಗ್ಗೆ ನಡೆದು ಹೋಗುತ್ತೇನೆ, ಸಂಜೆ ನಡೆದು ಬರುತ್ತೇನೆ. "ಏನೋ ಸೈಕಲ್ ತಗೊಂಡ್ಳು ಅಂದ್ರಿ?" ಅಂತ ಎದುರು ಮನೆಯಾಕೆ ಜಗಲಿಯಲ್ಲಿ ಕೇಳಿದಾಗ ಅತ್ತೆ ನನ್ನ ಮುಖ ನೋಡಿದರು, ವಾದ ಮಂಡಿಸುತ್ತಾಳೇನೋ ಅಂತ. ನಾನು ಚಪ್ಪಲಿಯ ಬಾರು ಬಿಚ್ಚುತ್ತಿದ್ದೆ.

"ತಗೊಂಡಿದಾಳೆ ಕಣ್ರೀ" ಅಂದರು ಅತ್ತೆ. "ಮನೆಗೆ ಮಾತ್ರ ತರಲ್ಲ."