ಇಪ್ಪತ್ತೆರಡು ಮುಂಜಾನೆಯ ಕಳವು

ಬಸವೇಶ್ವರನಗರದ ಆ ಹದಿನಾರು ಮನೆಗಳ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತು ಒಂಬತ್ತು ವರ್ಷವಾದರೂ ಅಮೀನಪ್ಪ ಯಾರನ್ನೂ ಪೂರ್ತಿ ನಂಬಿದವನಲ್ಲ. ನಂಬದಿರುವುದಕ್ಕೇ ಅವನಿಗೆ ಸಂಬಳ. ಗ್ಯಾಸಿನವನು ಬಂದರೆ ರಸೀದಿ ಕೇಳುತ್ತಿದ್ದ, ಪಾರ್ಸೆಲ್ ಹುಡುಗ ಬಂದರೆ ಮೇಲಿನ ಮನೆಗೆ ಫೋನು ಹಚ್ಚುತ್ತಿದ್ದ, ಅತ್ತೆಮನೆಗೆ ಬಂದ ಅಳಿಯನನ್ನೂ ಒಮ್ಮೆ ಅರ್ಧ ಗಂಟೆ ಹೊರಗೆ ನಿಲ್ಲಿಸಿದ್ದ. ಊರವರನ್ನೆಲ್ಲ ಅನುಮಾನಿಸಲಿ ಎಂದು ಒಬ್ಬನನ್ನು ಕೆಲಸಕ್ಕಿಟ್ಟು, ಏನಾದರೂ ಕಾಣೆಯಾದ ದಿನ ಮೊದಲು ಅವನನ್ನೇ ಅನುಮಾನಿಸುವುದು ನಮ್ಮ ಅಪಾರ್ಟ್‌ಮೆಂಟುಗಳ ನೇಮ. ಅದು ಅಮೀನಪ್ಪನಿಗೂ ಗೊತ್ತಿತ್ತು. ಅದಕ್ಕೇ ಅವನು ಮೇಲಿನ ಮನೆಯವರು ಕೊಟ್ಟ ಹಳೇ ಅಂಗಿಯನ್ನು ಸಹ ನಾಲ್ಕು ಜನರ ಎದುರಿಗೇ ಈಸಿಕೊಳ್ಳುತ್ತಿದ್ದ.

ಗುಳೇದಗುಡ್ಡದ ಕಡೆಯವನು. ಖಣ ನೇಯುವ ಮಗ್ಗದ ಮುಂದೆ ಇಪ್ಪತ್ತು ವರ್ಷ ಕೂತು, ಮಗ್ಗ ನಿಂತ ಮೇಲೆ ಹೆಂಡತಿ ಮುತ್ತವ್ವನೊಂದಿಗೆ ಇಲ್ಲಿಗೆ ಬಂದು ಗೋವಿಂದರಾಜನಗರದಲ್ಲಿ ಒಂದು ಕೋಣೆ ಹಿಡಿದವನು. ಅವಳು ಪಿಜಿ ಹುಡುಗರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಇವನು ಬೆಳಗ್ಗೆ ಗೇಟಿಗೆ ಬಂದು ಬೀಳುವ ಪೇಪರುಗಳನ್ನು ಮನೆಮನೆಗೆ ಹಾಕುವ ಮುಂಚೆ ಒಂದನ್ನು ಬಿಡಿಸಿ, ಮೊದಲ ಸಾಲಿನಿಂದ ಕೊನೆಯ ಜಾಹೀರಾತಿನವರೆಗೆ ಓದಿ, ಮಡಿಕೆ ಮುರಿಯದಂತೆ ಮತ್ತೆ ಮಡಿಸಿಡುತ್ತಾನೆ. ಅವನಿಗೆ ಓದು ಬರುತ್ತದೆಂದು ಆ ಹದಿನಾರು ಮನೆಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ.

ಒಂದು ದಿನ ಮೇಲಿನ ಟ್ಯಾಂಕು ತುಂಬಿ ಮೆಟ್ಟಿಲ ಮೇಲೆಲ್ಲ ನೀರು ಹರಿಯಿತು. ಪಂಪ್ ಹಾಕಿದ್ದೆಷ್ಟು ಹೊತ್ತಿಗೆ, ಆರಿಸಿದ್ದೆಷ್ಟು ಹೊತ್ತಿಗೆ ಎಂಬ ಲೆಕ್ಕವೇ ಇಲ್ಲವೆಂದು ಕಮಿಟಿಯಲ್ಲಿ ಗದ್ದಲವಾಯಿತು. ಕಾರ್ಯದರ್ಶಿ ಚಕ್ರಪಾಣಿಯವರು ಮಾರನೆಯ ದಿನವೇ ಒಂದು ಹಳೆಯ ಸ್ಮಾರ್ಟ್‌ಫೋನು ಹಿಡಿದುಕೊಂಡು ಗೇಟಿಗೆ ಬಂದರು. ಕಂಪನಿಯೊಂದರಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಹೊಸದಾಗಿ ಬಂದದ್ದೆಲ್ಲ ಅವರ ಕಣ್ಣಿಗೆ ಒಳ್ಳೆಯದು.

"ನೋಡಯ್ಯಾ ಅಮೀನಪ್ಪ, ಇನ್ಮೇಲೆ ನೀನು ಬರೆಯೋ ಗೋಜೇ ಇಲ್ಲ. ಈ ಮೈಕ್ ಗುರುತು ಒತ್ತು, ಮಾತಾಡು, ಈ ಕೆಂಪು ಚುಕ್ಕಿ ಒತ್ತು. ನೀನು ಹೇಳಿದ್ದನ್ನ ಇದೇ ಬರ್ಕೊಂಡು ಸೀದಾ ನಮ್ಮ ಕಮಿಟಿ ಗ್ರೂಪಿಗೆ ಕಳಿಸ್ಬಿಡುತ್ತೆ."

"ನಮ್ಮ ಮಾತು ಅದಕ್ಕ ತಿಳಿತೈತೇನ್ರಿ ಸಾಹೇಬ್ರ?"

"ಕನ್ನಡ ತಾನೆ? ಅದಕ್ಕೆ ಎಲ್ಲಾ ಬರುತ್ತೆ. ನೀನು ನಿಮ್ಮೂರ ಭಾಷೆಲೇ ಮಾತಾಡು."

ಅಮೀನಪ್ಪ ಫೋನನ್ನು ಮಗುಚಿ ಮಗುಚಿ ನೋಡಿದ. "ನಾ ಏನೂ ಮಾತಾಡದಾಗೂ ಇದು ಕೇಳತೈತೇನ್ರಿ?"

ಚಕ್ರಪಾಣಿ ನಕ್ಕರು. "ನೀನು ಮಾತಾಡದೆ ಇರೋದನ್ನ ಕೇಳಿ ಯಾರಿಗೇನಾಗ್ಬೇಕಯ್ಯ."

ಅದು ಉತ್ತರವಲ್ಲ ಎಂಬುದು ಅಮೀನಪ್ಪನಿಗೆ ಹೊಳೆಯಿತು. ಅಂದಿನಿಂದ ಅವನು ಆ ಫೋನನ್ನು ಟವೆಲಿನಲ್ಲಿ ಸುತ್ತಿ, ಟಿಫಿನ್ ಡಬ್ಬಿಯ ಚೀಲದೊಳಗೆ ಇಳಿಸಿಟ್ಟ. ಮುತ್ತವ್ವ ತನ್ನ ಫೋನಿನಿಂದ ಕರೆ ಮಾಡಿದರೆ ಕಾಂಪೌಂಡಿನ ಆಚೆ ಹೊಂಗೆಮರದ ಬುಡಕ್ಕೆ ಹೋಗಿ ಮಾತಾಡಿದ. ಚಕ್ರಪಾಣಿಯವರ ಮೊಮ್ಮಗ ಮಾಡಿದ ಗಲಾಟೆಗೆ ಬೈಯಬೇಕೆನಿಸಿದಾಗ ಬರೀ ತುಟಿಯಲ್ಲಿ ಬೈದ.

"ನೀ ಏನ ದೊಡ್ಡ ಮಂತ್ರಿ ಅದೀಯಂತ ಅದು ಕದ್ದು ಕೇಳತೈತಿ?" ಎಂದು ಮುತ್ತವ್ವ ರೊಟ್ಟಿ ತಿರುವಿ ಹಾಕುತ್ತ ಚುಚ್ಚಿದಳು. "ನಿನ್ನ ಗೊರಕಿ ಬರಕೊಂಡು ಅವರೇನ ಉಪ್ಪಿನಕಾಯಿ ಹಾಕತಾರ?"

"ನನ್ನ ಬಾಯಿಂದ ಬಂದದ್ದು ಇನ್ನೊಬ್ಬರ ಕೈಯಾಗ ಇರತೈತಿ. ಅದರಾಗ ಏನ ಬರದೈತಿ ಅಂತ ನನಗ ಕಾಣೂದಿಲ್ಲ. ಅದು ನನಗ ಸರಿ ಅನಸೂದಿಲ್ಲ."

ಕಾಣುತ್ತಿರಲಿಲ್ಲ, ನಿಜ. ಕೆಂಪು ಚುಕ್ಕಿ ಒತ್ತಿದ ಕೂಡಲೇ ಪರದೆ ಖಾಲಿಯಾಗುತ್ತಿತ್ತು. ಬರಹ ಹೋಗುತ್ತಿದ್ದುದು ಕಮಿಟಿಯ ಗುಂಪಿಗೆ. ಆ ಗುಂಪಿನಲ್ಲಿ ಕಾವಲುಗಾರನಿಗೆ ಜಾಗವಿರಲಿಲ್ಲ. ಆದರೂ ಹೇಳಿದ ಕೆಲಸ ಬಿಡುವವನಲ್ಲ ಅವನು. ದಿನಾ ಬೆಳಗ್ಗೆ ಆರೂವರೆಗೆ ಫೋನನ್ನು ಬಾಯಿಯಿಂದ ಒಂದು ಮೊಳ ದೂರ ಹಿಡಿದು, ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಹಾಗೆ ಮೂರೇ ಮಾತು ಹೇಳುತ್ತಿದ್ದ: "ಪಂಪ್ ರೂಮ್ ಕದಾ ತಗದೆ. ಮೋಟರ್ ಹಚ್ಚಿದೆ. ಆರೂಕಾಲಕ್ಕ ಬಂದ್ ಮಾಡಿ ಕದಾ ಹಾಕಿದೆ."

ಅದರ ಕೆಳಗೆ ಚಕ್ರಪಾಣಿಯವರು ದಿನಾ ಒಂದು ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದರು. ಕಮಿಟಿಯ ಉಳಿದ ನಾಲ್ವರೂ ಅವರನ್ನು ನೋಡಿ ಒತ್ತುತ್ತಿದ್ದರು.

ಇಪ್ಪತ್ತಮೂರನೆಯ ಬೆಳಗ್ಗೆ ಅಮೀನಪ್ಪ ಪಂಪ್ ರೂಮಿನ ಬಾಗಿಲು ತೆಗೆದರೆ ನೆಲವೆಲ್ಲ ನೀರು. ಪೈಪಿನ ತುದಿಯಲ್ಲಿದ್ದ ಹಿತ್ತಾಳೆಯ ದೊಡ್ಡ ವಾಲ್ವ್ ಇಲ್ಲ. ಯಾರೋ ಬಿಚ್ಚಿಕೊಂಡು ಹೋಗಿದ್ದರು. ಫೋನಿಗೆ ಹೇಳುತ್ತ ಕೂರದೆ ಅವನು ಮೂರನೆಯ ಮಹಡಿಗೆ ಓಡಿ ಚಕ್ರಪಾಣಿಯವರ ಬೆಲ್ ಒತ್ತಿದ. ಹಿಂದಿನ ದಿನ ಬೋರ್‌ವೆಲ್ ರಿಪೇರಿಗೆ ನಾಲ್ಕು ಜನ ಬಂದಿದ್ದರು. ಅದಕ್ಕೂ ಮುಂಚೆ ಬಣ್ಣದವರಿದ್ದರು. ಕೀಲಿಯ ಗೊಂಚಲು ಎರಡನೇ ಮಹಡಿಯ ಮನೆಯೊಂದರಲ್ಲಿ ಒಂದು ರಾತ್ರಿ ಉಳಿದಿತ್ತು. ಅದನ್ನೆಲ್ಲ ಅವನು ಹೇಳಿದ. ಚಕ್ರಪಾಣಿ ಹೂಂ ಹೂಂ ಎಂದರು, ಬರೆದುಕೊಳ್ಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಮಿಟಿಯ ರಾಗಿಣಿ ಎಂಬಾಕೆ, ಕಾಲೇಜಿನಲ್ಲಿ ಪಾಠ ಮಾಡುವವರು, ಗುಂಪಿನಲ್ಲಿ ಹಳೆಯ ಟಿಪ್ಪಣಿಗಳನ್ನು ಮೊದಲ ಸಲ ಓದಿದರು. ಓದಿ ಬೆಚ್ಚಿದರು. ಅಲ್ಲಿ ದಿನಾ ಹೀಗಿತ್ತು: "ಪಂಪ್ ರೂಮ್ ಕದ್ದು ತೆಗೆದೆ. ಮೋಟರ್ ಹೆಚ್ಚಿದೆ. ಆರೂ ಕಾಲಿಗೆ ಬಂದು ಮಾಡಿ ಕದ್ದು ಹಾಕಿದೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಆ ವಾಕ್ಯಗಳಿಗೆ ಅರ್ಥವಿದೆಯೇ ಎಂದು ಕೇಳಲಿಲ್ಲ. ಪಂಪ್ ರೂಮನ್ನು ಕದ್ದು ಎಲ್ಲಿ ಇಟ್ಟುಕೊಳ್ಳುತ್ತಾರೆ, ಕಳ್ಳನಾದವನು ದಿನಾ ಆರೂವರೆಗೆ ವರದಿ ಒಪ್ಪಿಸುತ್ತಾನೆಯೇ ಎಂದೂ ಕೇಳಲಿಲ್ಲ. ಅವರಿಗೆ 'ಕದ್ದು' ಎಂಬ ಒಂದು ಪದ ಸಿಕ್ಕಿತು, ಅದಕ್ಕೆ ಹೊಂದುವ ಒಬ್ಬ ಮನುಷ್ಯ ಗೇಟಿನಲ್ಲಿ ಕೂತಿದ್ದ.

ಭಾನುವಾರ ಹನ್ನೊಂದು ಗಂಟೆಗೆ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿದರು. ಅಮೀನಪ್ಪನನ್ನು ಕಳಿಸಿಕೊಟ್ಟಿದ್ದ ಸೆಕ್ಯುರಿಟಿ ಏಜೆನ್ಸಿಯ ನಾಗೇಂದ್ರ ಬೈಕಿನಲ್ಲಿ ಬಂದ. ಬಂದವನು ಅವನನ್ನು ಪಕ್ಕಕ್ಕೆ ಕರೆದ.

"ಅಣ್ಣ, ಏನಿದು? ಅವರು ಒಂದು ಲೆಟರ್ ಕೊಟ್ರೆ ನಾನೇನೂ ಮಾಡಕ್ಕಾಗಲ್ಲ. ಇಲ್ಲಿ ಕೆಲಸ ಹೋಗೋದಷ್ಟೇ ಅಲ್ಲ, ಕಳ್ಳತನದ ಹೆಸರು ಬಂದ್ರೆ ಬೆಂಗಳೂರಲ್ಲಿ ಇನ್ಯಾವ ಗೇಟಲ್ಲೂ ನಿನ್ನ ನಿಲ್ಲಿಸ್ಕೊಳ್ಳಲ್ಲ. ಒಪ್ಕೊಂಡು ವಾಪಸ್ ಕೊಟ್ಬಿಡು, ನಾನು ಮಾತಾಡ್ತೀನಿ."

"ಒಪ್ಪಿಕೊಳ್ಳಾಕ ನಾ ಏನ ಮಾಡೀನೋ?"

"ನೀನೇ ದಿನಾ ಒಪ್ಕೊಂಡಿದೀಯಂತಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಲ್ಲ ಅಮೀನಪ್ಪ. ಸೀದಾ ಕುರ್ಚಿಗಳ ನಡುವೆ ಬಂದು ನಿಂತ. "ನಾ ಏನ ಅಂದೀನಿ, ತೋರಸ್ರಿ."

ಚಕ್ರಪಾಣಿ ತಾವೇ ಓದಿ ಹೇಳಲು ಕನ್ನಡಕ ಏರಿಸಿದರು. "ಕೊಡ್ರಿ, ನಾನ ಓದತೀನಿ" ಎಂದು ಅಮೀನಪ್ಪ ಕೈ ಚಾಚಿದ. ಚಕ್ರಪಾಣಿ ಕನ್ನಡಕ ಇಳಿಸಿದರು. ರಾಗಿಣಿ ಫೋನನ್ನು ಕೊಟ್ಟರು.

ಅವನು ಓದಿದ. ಬೆರಳಿನಿಂದ ಮೇಲಕ್ಕೆ ತಳ್ಳಿ ಮತ್ತೊಂದು ಓದಿದ. ಇಪ್ಪತ್ತೆರಡನ್ನೂ ಓದಿದ. ತನ್ನ ಬಾಯಿಯ ಮೇಲೆ ಇನ್ನೊಬ್ಬ ಕೂತು ಮಾತಾಡಿದ ಹಾಗಿತ್ತು. ಆ ಯಂತ್ರ ತನ್ನ ಗುಟ್ಟು ಕೇಳಿಸಿಕೊಂಡೀತೆಂದು ಹೆದರಿದ್ದ. ಅದು ತನ್ನ ಮಾತನ್ನೇ ಕೇಳಿಸಿಕೊಂಡಿರಲಿಲ್ಲ.

"ಕದಾ ಅಂದ್ರ ಬಾಗಲ್ರಿ ಸಾಹೇಬ್ರ. ನಮ್ಮ ಕಡೆ ಕದಾ ಅಂತೀವಿ."

"ಈಗ ಹಾಗಂದ್ರೆ ಹೇಗಪ್ಪಾ?" ಎಂದರು ಚಕ್ರಪಾಣಿ. "ಮಷಿನ್‌ಗೆ ನಿನ್ ಮೇಲೆ ಏನು ದ್ವೇಷ?"

ಅಮೀನಪ್ಪ ವಾದಿಸಲಿಲ್ಲ. ಟವೆಲಿನಿಂದ ಆ ಹಳೆಯ ಫೋನನ್ನು ಬಿಚ್ಚಿ ತಂದ, ಎಲ್ಲರನ್ನೂ ಪಂಪ್ ರೂಮಿನ ಮುಂದೆ ಕರೆದ. ಎಲ್ಲರೂ ನೋಡುತ್ತಿದ್ದಂತೆ ಬಾಗಿಲು ತೆರೆದು, ಮೈಕ್ ಒತ್ತಿ, "ಕದಾ ತಗದೆ" ಎಂದ. ಮುಚ್ಚಿ, "ಕದಾ ಹಾಕಿದೆ" ಎಂದ. ಕೆಂಪು ಚುಕ್ಕಿ ಒತ್ತಿದ. ಐದು ಜೇಬುಗಳಲ್ಲಿ ಐದು ಫೋನುಗಳು ಒಟ್ಟಿಗೆ ಟಿಂಗ್ ಎಂದವು.

ರಾಗಿಣಿಯೇ ಓದಿದರು. "ಕದ್ದು ತೆಗೆದೆ. ಕದ್ದು ಹಾಕಿದೆ."

ಹಿಂದಿದ್ದ ಕಮಿಟಿಯ ಇನ್ನೊಬ್ಬಾಕೆ ಪಂಕಜಮ್ಮನವರು ಸೆರಗಿನಲ್ಲಿ ನಗು ತಡೆದುಕೊಂಡರು. ನಾಗೇಂದ್ರ ಜೋರಾಗಿಯೇ ನಕ್ಕ. ಅಮೀನಪ್ಪ ನಗಲಿಲ್ಲ.

"ಇಪ್ಪತ್ತೆರಡು ದಿನ ಕದ್ದೆ ಕದ್ದೆ ಅಂತ ನಿಮಗ ಹೇಳೀನಿ ಅಂತ ಇಟ್ಕೊಳ್ರಿ. ಇಪ್ಪತ್ತೆರಡು ದಿನಾನೂ ನೀವು ಅದರ ಕೆಳಗ ಹೆಬ್ಬೆಟ್ಟು ಒತ್ತೀರಿ. ನಮ್ಮ ಊರಾಗ ಓದಾಕ ಬರದವರು ಹೆಬ್ಬೆಟ್ಟು ಒತ್ತತಾರ್ರಿ."

ಚಕ್ರಪಾಣಿಯವರ ಕಿವಿ ಕೆಂಪಾಯಿತು. "ಸರಿ ಬಿಡಪ್ಪ, ಏನೋ ಕನ್‌ಫ್ಯೂಷನ್ ಆಯ್ತು. ಇನ್ಮೇಲೆ ನೀನು ಬಾಗಿಲು ಅಂತಲೇ ಹೇಳು. ಇದನ್ನೆಲ್ಲ ಡಿಲೀಟ್ ಮಾಡಿಬಿಡ್ತೀನಿ."

ತಪ್ಪು ಮಾಡಿದ್ದು ಯಂತ್ರ, ಓದದೆ ಬಿಟ್ಟದ್ದು ಇವರು, ತಿದ್ದಿಕೊಳ್ಳಬೇಕಾದವನು ಮಾತ್ರ ಅಮೀನಪ್ಪ. ಅಳಿಸುತ್ತಾರಂತೆ. ಅಮೀನಪ್ಪನಿಗೆ ಅದರಲ್ಲಿ ಬೇರೆಯದೇ ವಾಸನೆ ಹೊಡೆಯಿತು.

"ಅಳಸಬ್ಯಾಡ್ರಿ. ಇವತ್ತ ಅಳಸಿದ್ರ, ನಾಳೆ ಯಾರರ ಕೇಳಿದ್ರ, ಏನೋ ಇತ್ತು, ಅವನ ಅಳಸಿಸಿದ ಅಂತೀರಿ. ಅದು ಇರಲಿ. ಅದರ ಕೆಳಗ ಬರೀರಿ. ಕದ ಅಂದ್ರೇನು, ನಾ ಏನ ಹೇಳಿದ್ದೆ, ಅಂತ. ಕನ್ನಡದಾಗ ಬರೀರಿ, ನಾ ಓದಬೇಕು. ನಾಗೇಂದ್ರನ ಫೋನಿಗೂ ಕಳಸ್ರಿ."

ಚಕ್ರಪಾಣಿ ಅಭ್ಯಾಸಬಲದಿಂದ ಫೋನನ್ನು ಬಾಯಿಗೆ ತಂದರು, ಮತ್ತೆ ಕೆಳಗಿಳಿಸಿದರು. ಈಗ ಅವರಿಗೂ ಅದರ ಮೇಲೆ ನಂಬಿಕೆಯಿರಲಿಲ್ಲ. ಕನ್ನಡದ ಕೀಲಿಮಣೆ ಹುಡುಕಿ ಒಂದು ಬೆರಳಿನಿಂದ ಕುಟ್ಟತೊಡಗಿದರು. ಬಿಸಿಲು ಕುರ್ಚಿಗಳವರೆಗೆ ಬಂತು. ಯಾರೂ ಎದ್ದು ಹೋಗಲಿಲ್ಲ. ಅಮೀನಪ್ಪ ಅವರ ಹೆಗಲ ಹಿಂದೆ ನಿಂತು ಅಕ್ಷರ ಅಕ್ಷರ ನೋಡುತ್ತಿದ್ದ.

"'ಕದ್ದ ಅಂದರೆ ಬಾಗಿಲು' ಅಂತ ಆಗೇತಿ. 'ದ'ಕ್ಕ ಒತ್ತು ಬಂದೈತ್ರಿ, ತಗೀರಿ."

"ಅದೇ ಬರ್ತಿದೆಯಲ್ಲಯ್ಯ, ತಾನಾಗಿ." ಅಳಿಸಿ ಮತ್ತೆ ಕುಟ್ಟಿದರು. "ಈಗ?"

"ಈಗ ಸರಿ. ಮುಂದ?"

"'ಕದ್ದೆನೆಂದು ಅವನು ಹೇಳಿಲ್ಲ.' ಸಾಕಲ್ಲ?"

"ಕದ್ದಿಲ್ಲ ಅಂತ ಬರೀರಿ."

"ಅದನ್ನ ಹೇಗಪ್ಪಾ ಬರೆಯೋದು? ವಾಲ್ವ್ ಇನ್ನೂ ಸಿಕ್ಕಿಲ್ಲ. ಯಾರು ತಗೊಂಡ್ರು ಅಂತ ಗೊತ್ತಾಗೋವರೆಗೆ..."

"ಹಂಗಾರ ಹದಿನಾರೂ ಮನಿಯವರ ಹೆಸರು ಬರೀರಿ ಸಾಹೇಬ್ರ. ನಿಮ್ಮದೂ ಸೇರಸಿ. ಇವರ್ಯಾರೂ ಕದ್ದೆವಂತ ಹೇಳಿಲ್ಲ ಅಂತ. ಅದರಾಗ ನನ್ನ ಹೆಸರೂ ಇರಲಿ."

ಪಂಕಜಮ್ಮನವರ ನಗು ನಿಂತಿತು. ರಾಗಿಣಿ ನೆಲ ನೋಡುತ್ತಲೇ, "ಬರೀರಿ ಸರ್" ಎಂದರು. ನಾಗೇಂದ್ರ ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

ಚಕ್ರಪಾಣಿಯವರ ಬೆರಳು ಗಾಜಿನ ಮೇಲೆ ನಿಂತೇ ಇತ್ತು. ಆಮೇಲೆ ಇಳಿಯಿತು. ಅಮೀನಪ್ಪ ಬಗ್ಗಿ ಓದಿಕೊಂಡ.

"ಇಲ್ಲಿ ಒತ್ತು ಬಿಟ್ಟೀರಿ," ಎಂದ. "ಕದ್ದಿಲ್ಲ ಅನ್ನೂದಕ್ಕ ಒತ್ತು ಬೇಕ್ರಿ. ಹಾಕ್ರಿ."