ಹಲ್ಲಿನಲ್ಲಿ ಹಿಡಿದ ಸೀಸ

ಕಳೆದ ಭಾನುವಾರ ಬೆಳಿಗ್ಗೆ ಹುಳಿಗೆ ಬೇಳೆ ಬೇಯಲಿಟ್ಟು ನಿಂತಿದ್ದೆ. ರೂಮಿನ ಕಡೆಯಿಂದ ರಾಳ ಸುಟ್ಟ ಘಾಟು ಬಂತು. ಎಷ್ಟೋ ವರ್ಷದ ಮೇಲೆ ಮೂಗಿಗೆ ಬಡಿದರೂ ಗುರುತು ಸಿಕ್ಕಿತು. ಅದು ತಿಲಕ್ ನಗರದ ನಮ್ಮ ಎದುರುಮನೆ ಅಕ್ಕನ ಮನೆಯ ವಾಸನೆ...

ನಾನು ಮದುವೆಯಾಗಿ ಆ ಬೀದಿಗೆ ಬಂದಾಗ ಮೊದಲು ಮಾತಾಡಿಸಿದವರು ಅವರೇ. ಅವರ ಯಜಮಾನರು ಮನೆಯ ಮುಂದಿನ ಕೋಣೆಯಲ್ಲಿ ಹಳೇ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ಅಕ್ಕನೂ ಪಕ್ಕದಲ್ಲಿ ಕೂತು ಬೆಸುಗೆ ಹಾಕುತ್ತಿದ್ದರು. ಒಂದು ಕೈಯಲ್ಲಿ ಸೋಲ್ಡರಿಂಗ್ ಐರನ್, ಇನ್ನೊಂದರಲ್ಲಿ ಚಿಮಟ. ಒಳಗೆ ರಾಳ ತುಂಬಿದ ಸೀಸದ ತಂತಿ ಹಿಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು? ಅದು ಹಲ್ಲಿನ ನಡುವೆ ಇರುತ್ತಿತ್ತು. ಉದ್ದವಾದರೆ ಕಚ್ಚಿ ತುಂಡು ಮಾಡುತ್ತಿದ್ದರು. ಅದೇ ಕೈಯಲ್ಲಿ ಕಡ್ಲೆಪುರಿ ತಿನ್ನುತ್ತಿದ್ದರು, ನನಗೂ ಒಂದು ಹಿಡಿ ಕೊಡುತ್ತಿದ್ದರು.

ಅವರಿಗೆ ಬಸಿರು ನಿಲ್ಲುತ್ತಿರಲಿಲ್ಲ. ಪ್ರತಿ ಸಲವೂ ಮೂರು ನಾಲ್ಕು ತಿಂಗಳಿಗೆ ಹೋಗಿಬಿಡುತ್ತಿತ್ತು. ಮಂಗಳವಾರ ರಾಹುಕಾಲಕ್ಕೆ ಬನಶಂಕರಿ ಅಮ್ಮನ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದರು, ಜೊತೆಗೆ ನಾನೂ ಹೋಗುತ್ತಿದ್ದೆ. ಬಂದವರು ಹಣೆಯ ಕುಂಕುಮ ಅಳಿಸುವ ಮೊದಲೇ ಕೂತು ತಂತಿ ಕಚ್ಚುತ್ತಿದ್ದರು. ನನಗೆ ಮಗಳು ಹುಟ್ಟಿದಳು. ಅವರಿಗೆ...

ಆಮೇಲೆ ಅಕ್ಕನಿಗೆ ಹೊಟ್ಟೆ ಹಿಂಡುವ ನೋವು ಶುರುವಾಯಿತು. ಬೀದಿಯವರು ಗ್ಯಾಸು ಎಂದರು, ದೃಷ್ಟಿ ಎಂದರು. ಬಲಗೈ ಮಣಿಕಟ್ಟಿನಿಂದ ಜೋತುಬಿದ್ದು ಕಾಫಿ ಲೋಟ ಹಿಡಿಯಲೂ ಆಗದಾಗ ದೊಡ್ಡಾಸ್ಪತ್ರೆಗೆ ಹೋದರು. ರಕ್ತದಲ್ಲಿ ಸೀಸ ಸೇರಿತ್ತು. ಮಕ್ಕಳು ಹೋಗಿದ್ದೂ ಇದರಿಂದಲೇನಾ ಎಂದು ಅಕ್ಕ ಕೇಳಿದರಂತೆ. ಇರಬಹುದು ಎಂದರಂತೆ ಡಾಕ್ಟರಮ್ಮ. ಆ ಒಂದು ಮಾತು ಅವರನ್ನು ಒಳಗೊಳಗೇ ತಿಂದುಹಾಕಿತು.

ಅಂದಿನಿಂದ ಅವರು ನನ್ನ ಮಗಳನ್ನು ಎತ್ತಿಕೊಳ್ಳಲಿಲ್ಲ. ಮಗು ಅಂಬೆಗಾಲಿಟ್ಟು ಅವರ ಹೊಸಿಲಿಗೆ ಹೋದರೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತುಬಿಡುತ್ತಿದ್ದರು.

"ಬೇಗ ಬಂದು ಎತ್ಕೊಳೆ. ನನ್ ಸೀರೇಲೆಲ್ಲ ಅದೇ ಇದೆ."

ನಾನು ಓಡಿಹೋಗಿ ಎತ್ತಿಕೊಳ್ಳುತ್ತಿದ್ದೆ. ನನಗೂ ಭಯವಿತ್ತು. ನಾವು ಬನಶಂಕರಿಗೆ ಮನೆ ಬದಲಾಯಿಸಿದ ಮೇಲೆ ಅಕ್ಕನ ಕಿಡ್ನಿ ಹೋಯಿತು ಅಂತ ಸುದ್ದಿ ಬಂತು, ಸ್ವಲ್ಪ ದಿನಕ್ಕೆ ಅಕ್ಕನೇ ಹೋದರು ಅಂತ...

ಆ ಭಾನುವಾರ ಒಲೆ ಆರಿಸಿ ರೂಮಿಗೆ ಓಡಿದೆ. ಬಾಣಂತನಕ್ಕೆ ಅಂತ ಮುಂಚೆಯೇ ಬಂದು ನಮ್ಮ ಜೊತೆಗಿರುವ ಮಗಳು, ಜಯನಗರದ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ರೇಡಿಯೋ ಬಿಚ್ಚಿಕೊಂಡು ಕೂತಿದ್ದಳು. ಎರಡೂ ಕೈಗೆ ಕೆಲಸ. ತಂತಿ ಹಲ್ಲಿನಲ್ಲಿತ್ತು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳಿಗೀಗ ಐದು ತಿಂಗಳು.

ಬಾಯಿಂದ ಕಿತ್ತು ಎಸೆದೆ.

"ಏನಮ್ಮ ನೀನು, ಶುರು ಮಾಡಿ ಒಂದು ವಾರ ಆಗಿರ್ಬೇಕು ಅಷ್ಟೆ, ಅದೂ ರಾತ್ರಿ ನೀವೆಲ್ಲ ಮಲಗಿದ್ಮೇಲೆ ಸ್ವಲ್ಪ ಹೊತ್ತು. ಏನಾಗಲ್ಲ ಬಿಡು."

ಅಕ್ಕನ ಕಥೆಯನ್ನು ಅವಳಿಗೆ ಮೊದಲ ಸಲ ಹೇಳಿದೆ. ಅವಳ ನಗು ನಿಂತಿತು. ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು.

ಸೋಮವಾರ ರಕ್ತ ಕೊಟ್ಟು ಬಂದೆವು. ರಿಪೋರ್ಟ್ ಇನ್ನೂ ಬಂದಿಲ್ಲ. ಫೋನು ಸದ್ದು ಮಾಡಿದಾಗಲೆಲ್ಲ ಇಬ್ಬರೂ ಮುಖ ನೋಡಿಕೊಳ್ಳುತ್ತೇವೆ. ಅಕ್ಕ ಮುಟ್ಟಲು ಹೆದರಿದ್ದ ಆ ಮಗು ಇವಳೇ. ಈಗ ಇವಳು ತನ್ನ ಹೊಟ್ಟೆಯ ಮೇಲೆ ಕೈ ಇಡುವ ಮೊದಲೂ ಸೋಪು ಹಾಕಿ ತೊಳೆದುಕೊಂಡು ಬರುತ್ತಾಳೆ.